ವರ್ಷಕ್ಕೆ ಮೂರೇ ದಿನ ರಜೆ: ಟೂರ್ ಪ್ಲಾನ್ ಮಾಡೋವಾಗ ಊರು ಆಮೇಲೆ, ನಿಮ್ಮ ಹವ್ಯಾಸ ಮೊದಲು

ಗದಗ: ದೀಪಾವಳಿ ವ್ಯಾಪಾರ ಇಳೀತು ಅಂದ್ರೆ ನಮ್ಮ ಪೇಟೆಗಳಲ್ಲಿ ಒಂದೇ ಮಾತು, 'ಈ ಸಲ ಎಲ್ಲಿಗೆ ಹೋಗೋಣ?' ಕಿರಾಣಿ, ಬಟ್ಟೆ, ಹಾರ್ಡ್‌ವೇರ್ ಅಂಗಡಿಯವರಿಗೆ ವರ್ಷದಲ್ಲಿ ಎರಡು ಮೂರು ದಿನ ಬಾಗಿಲು ಹಾಕೋಕೆ ಆಗೋದೇ ದೊಡ್ಡದು. ಆ ಮೂರು ದಿನದಲ್ಲಿ ಐದು ಊರು ತಿರುಗಿ ಬರ್ತಾರೆ. ಬಂದ ಮೇಲೆ ಏನ್ ನೋಡಿದ್ರಿ ಅಂತ ಕೇಳಿದ್ರೆ ನೆನಪಿಗೆ ಬರೋದು ಪಾರ್ಕಿಂಗ್, ಕ್ಯೂ, ಹೋಟೆಲ್ ಬಿಲ್ಲು. ಫೋನಿನಲ್ಲಿ ಒಂದಿಷ್ಟು ಸೆಲ್ಫಿ.

ಖರ್ಚು ಅಂದ್ರೆ ಬಸ್ಸು, ಲಾಡ್ಜಿನದ್ದು ಮಾತ್ರ ಅಲ್ಲ. ಬಾಗಿಲು ಹಾಕಿದ ದಿನದ ವ್ಯಾಪಾರವೂ ಹೋಗುತ್ತೆ, ಗಿರಾಕಿ ಪಕ್ಕದ ಅಂಗಡಿ ದಾರಿ ಹಿಡೀತಾನೆ. ಅಷ್ಟು ಬಿಟ್ಟು ಹೋಗೋವಾಗ 'ಎಲ್ಲರೂ ಹೋಗ್ತಾರೆ, ನಾವೂ ಹೋಗೋಣ' ಅನ್ನೋ ಲೆಕ್ಕ ಸಾಲಲ್ಲ. ನಮಗೆ ಯಾವುದರ ಹುಚ್ಚು ಇದೆ ಅನ್ನೋದನ್ನ ಮೊದಲು ಹಿಡೀಬೇಕು. ಹಕ್ಕಿನಾ, ಹಳೇ ಗುಡಿನಾ, ಆಟನಾ, ಸಂಗೀತನಾ, ಸೀರೆನಾ? ಅದು ಗೊತ್ತಾದ್ರೆ ಯಾವ ತಿಂಗಳು ಹೋಗ್ಬೇಕು ಅನ್ನೋದು ಗೊತ್ತಾಗುತ್ತೆ. ತಿಂಗಳು ಗೊತ್ತಾದ್ರೆ ಊರು ತಾನಾಗೇ ಸಿಗುತ್ತೆ. ನಾವು ಮಾಡೋದು ಉಲ್ಟಾ. ಮೊದಲು ಊರು ಗೊತ್ತು ಮಾಡ್ತೀವಿ, ಹೋದ ಮೇಲೆ ಸೀಸನ್ ಅಲ್ಲ ಅಂತ ತಿಳಿಯುತ್ತೆ.

ಹಕ್ಕಿ ನೋಡೋರಿಗೆ: ನವೆಂಬರ್‌ನಿಂದ ಮಾರ್ಚ್

ನಿಮಗೆ ಹಕ್ಕಿ ಹುಚ್ಚು ಇದೆ ಅಂದ್ಕೊಳ್ಳಿ. ದೂರ ಹೋಗೋ ಮುಂಚೆ ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ನೋಡಿ. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗು ಪ್ರದೇಶ ಅಂತ ಗುರುತಿಸೋ ಪಟ್ಟಿ ಅದು. ಕಾರಣ ಇಲ್ಲಿಗೆ ಬರೋ ಪಟ್ಟೆ ತಲೆ ಹೆಬ್ಬಾತು. ತಲೆ ಮೇಲೆ ಎರಡು ಕಪ್ಪು ಪಟ್ಟೆ ಇರುತ್ತೆ, ಗುರುತು ಹಿಡಿಯೋದು ಸುಲಭ. ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ, ಚಳಿಗಾಲಕ್ಕೆ ಹಿಮಾಲಯ ದಾಟಿ ಬರೋ ಹಕ್ಕಿ ಇದು. ಹೆಚ್ಚು ಕಮ್ಮಿ ನವೆಂಬರ್‌ನಲ್ಲಿ ಬಂದು ಮಾರ್ಚ್ ಹೊತ್ತಿಗೆ ವಾಪಸ್ ಹೋಗುತ್ತೆ. ಮಕ್ಕಳಿಗೆ ಬೇಸಿಗೆ ರಜೆ ಬಿದ್ದ ಮೇಲೆ ಏಪ್ರಿಲ್‌ನಲ್ಲಿ ಹೋದ್ರೆ ಈ ಹಕ್ಕಿ ಸಿಗೋದಿಲ್ಲ.

ಇದಕ್ಕೆ ಅಂಗಡಿ ಪೂರ್ತಿ ಬಂದ್ ಮಾಡೋದೂ ಬೇಡ. ನಸುಕಿನಲ್ಲಿ ಹೋದ್ರೆ ಹತ್ತು ಗಂಟೆಗೆ ಬಾಗಿಲು ತೆಗೀಬಹುದು. ಒಂದು ಬೈನಾಕ್ಯುಲರ್ ಇದ್ರೆ ಸಾಕು. ಅದರ ಮೇಲೆ 8x42 ಅಂತ ಬರೆದಿರುತ್ತೆ. 8 ಅಂದ್ರೆ ಎಂಟು ಪಟ್ಟು ಹತ್ತಿರ ಕಾಣುತ್ತೆ ಅಂತ, 42 ಅಂದ್ರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಆ ಗಾಜು ದೊಡ್ಡದಿದ್ದಷ್ಟು ನಸುಕಿನ ಬೆಳಕಲ್ಲೂ ಚೆನ್ನಾಗಿ ಕಾಣುತ್ತೆ. ಹೊಸಬರಿಗೆ 8x42 ಆರಾಮ. ಅದಕ್ಕಿಂತ ಹೆಚ್ಚು ಪಟ್ಟಿಂದು ತಗೊಂಡ್ರೆ ಕೈ ನಡುಗಿದಾಗ ನೋಟವೂ ನಡುಗುತ್ತೆ. ಯಾವ ತಿಂಗಳು ಯಾವ ಜಾಗದಲ್ಲಿ ಯಾವ ಹಕ್ಕಿ ಕಂಡಿದೆ ಅಂತ ಇಬರ್ಡ್ ವೆಬ್‌ಸೈಟ್‌ನಲ್ಲಿ ಪುಕ್ಕಟೆ ನೋಡಬಹುದು. ಇನ್ನೊಂದು ಮಾತು, ಕೆರೆ ದಂಡೆ ಮೇಲೆ ಗದ್ದಲ ಮಾಡಬೇಡಿ. ಒಂದು ಹಾರಿದ್ರೆ ಹಿಂಡೇ ಹಾರುತ್ತೆ, ನಿಮ್ಮ ಜೊತೆ ಬಂದ ಉಳಿದವರಿಗೂ ಆ ದಿನ ಮುಗೀತು.

ಗುಡಿ, ಶಾಸನ, ಫೋಟೊ: ಶುಕ್ರವಾರ ಎಚ್ಚರ

ಹಳೇ ಗುಡಿಗಳ ಆಸಕ್ತಿ ಇದ್ದೋರಿಗೆ ನಮ್ಮ ಜಿಲ್ಲೆಯಲ್ಲಿ ಇರೋ ಅನುಕೂಲ ಬೇರೆ ಕಡೆ ಕಮ್ಮಿ. ಒಂದೇ ದಿನದ ದಾರಿ ಹೀಗೆ ಹಾಕ್ಕೋಬಹುದು: ಬೆಳಗ್ಗೆ ಮುಂಡರಗಿ ತಾಲ್ಲೂಕಿನ ಡಂಬಳ, ಆಮೇಲೆ ಲಕ್ಕುಂಡಿ, ಅಲ್ಲಿಂದ ಮುಂದೆ ಕೊಪ್ಪಳ ಜಿಲ್ಲೆಯ ಇಟಗಿ. ಡಂಬಳದ ದೊಡ್ಡಬಸಪ್ಪ ಗುಡಿಯ ತಳ ನಕ್ಷತ್ರದ ಹಾಗೆ 24 ಮೂಲೆಯದ್ದು. ಲಕ್ಕುಂಡಿಯ ಬ್ರಹ್ಮ ಜಿನಾಲಯ 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ಇಟಗಿಯ ಮಹಾದೇವ ಗುಡಿ 1112ರದ್ದು, ಆರನೇ ವಿಕ್ರಮಾದಿತ್ಯನ ದಂಡನಾಯಕ ಕಟ್ಟಿಸಿದ್ದು. ಅಲ್ಲಿನ ಶಾಸನ ಅದನ್ನ 'ದೇವಾಲಯ ಚಕ್ರವರ್ತಿ' ಅಂತ ಕರೆಯುತ್ತೆ.

ಎರಡು ದಿನ ಸಿಕ್ರೆ ಮಾರನೇ ದಿನ ಬಾದಾಮಿ, ಪಟ್ಟದಕಲ್ಲು. ಆಗ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತೆ. ಬಾದಾಮಿ, ಪಟ್ಟದಕಲ್ಲಿನದು ಕೆಂಪು ಮರಳುಗಲ್ಲು, 6ರಿಂದ 8ನೇ ಶತಮಾನದ್ದು. ಲಕ್ಕುಂಡಿ, ಇಟಗಿಯದು ಬಳಪದ ಕಲ್ಲು, 11-12ನೇ ಶತಮಾನದ್ದು. ಬಳಪದ ಕಲ್ಲು ಮೆತ್ತಗೆ, ಅದಕ್ಕೇ ಲಕ್ಕುಂಡಿ ಕಂಬ, ಬಾಗಿಲವಾಡದಲ್ಲಿ ಅಷ್ಟು ಸಣ್ಣ ಕೆತ್ತನೆ ಸಾಧ್ಯ ಆಯ್ತು. ಎರಡನ್ನೂ ಬೆನ್ನಿಗೆ ಬೆನ್ನು ನೋಡಿದೋರಿಗೆ ಇದನ್ನ ಯಾರೂ ಹೇಳಿಕೊಡೋದು ಬೇಕಾಗಲ್ಲ. ಅದೇ ಎರಡು ದಿನದಲ್ಲಿ ಹಂಪಿ, ಡ್ಯಾಂ, ಜೋಗ ಎಲ್ಲ ತುರುಕಿದ್ರೆ ಎಲ್ಲ ಗುಡಿಯೂ ಒಂದೇ ಥರ ಕಾಣುತ್ತೆ.

ದಿನ ಆರಿಸೋವಾಗ ಒಂದು ಎಚ್ಚರ: ಬಾದಾಮಿಯ ಪುರಾತತ್ವ ಇಲಾಖೆ ಮ್ಯೂಸಿಯಂ ಶುಕ್ರವಾರ ಬಂದ್ ಇರುತ್ತೆ. ನಿಮ್ಮ ಅಂಗಡಿಯ ವಾರದ ರಜೆ ಶುಕ್ರವಾರ ಇದ್ರೆ ಬೇರೆ ದಿನ ನೋಡಬೇಕಾಗುತ್ತೆ. ಕೈಯಲ್ಲಿ ಹಿಡಿದು ಫೋಟೊ ತೆಗೆಯೋದು ಸರಿ, ಆದ್ರೆ ಸ್ಮಾರಕದ ಒಳಗೆ ಟ್ರೈಪಾಡ್ ಬಳಸೋಕೆ ಇಲಾಖೆ ಅನುಮತಿ ಬೇಕು. 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಟಿಕೆಟ್ ಇಲ್ಲ.

ಯಕ್ಷಗಾನ, ಜೋಗ: ಮಳೆಗಾಲದ ಲೆಕ್ಕ ಬೇರೆ

ಕರಾವಳಿಗೆ ಹೋಗೋರು ಸಮುದ್ರ ನೋಡ್ತಾರೆ, ದೇವರ ದರ್ಶನ ಮಾಡ್ತಾರೆ, ವಾಪಸ್ ಬರ್ತಾರೆ. ಆಟದ ಹುಚ್ಚಿದ್ದೋರು ಮೇಳಗಳ ತಿರುಗಾಟದ ಲೆಕ್ಕ ಇಟ್ಕೋಬೇಕು. ಮಂದಾರ್ತಿ, ಕಟೀಲು ಥರದ ಬಯಲಾಟದ ಮೇಳಗಳು ನವೆಂಬರ್ ಸುಮಾರಿಗೆ ಹೊರಟು ಮೇ ಕೊನೆ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ತುಳುನಾಡಲ್ಲಿ ಮೇ 24-25ರ ಹೊತ್ತಿಗೆ ಬರೋ ಪತ್ತನಾಜೆ ಅದಕ್ಕೆ ಗಡಿ. ಹರಕೆ ಆಟಕ್ಕೆ ಟಿಕೆಟ್ ಇರಲ್ಲ, ಯಾರು ಬೇಕಾದ್ರೂ ಕೂತು ನೋಡಬಹುದು. ಆಗಸ್ಟ್‌ನಲ್ಲಿ ಹೋಗಿ ಬಯಲಾಟ ಎಲ್ಲಿದೆ ಅಂತ ಹುಡುಕಿದ್ರೆ ಸಿಗೋದು ಕಷ್ಟ.

ಜೋಗದ್ದು ಇದರ ಉಲ್ಟಾ. ಏಪ್ರಿಲ್, ಮೇನಲ್ಲಿ ಹೋದೋರಿಗೆ ಕಾಣೋದು ಹೆಚ್ಚಾಗಿ ಬಂಡೆ. ನೀರು ಬೇಕು ಅಂದ್ರೆ ಮಳೆಗಾಲಕ್ಕೇ ಹೋಗ್ಬೇಕು. ಆದ್ರೆ ಜೋರು ಮಳೆಯಲ್ಲಿ ಮಂಜು ಮುಚ್ಚಿ ಗಂಟೆಗಟ್ಟಲೆ ಏನೂ ಕಾಣದೇ ಇರಬಹುದು. ಫೋಟೊಕ್ಕೆ ಅಂತಾನೇ ಹೋಗೋರು ಒಂದು ರಾತ್ರಿ ಅಲ್ಲೇ ಹತ್ತಿರ ಉಳಿಯೋ ಹಾಗೆ ಪ್ಲಾನ್ ಮಾಡಿದ್ರೆ ಮಂಜು ಸರಿಯೋವರೆಗೆ ಕಾಯೋಕೆ ಆಗುತ್ತೆ. ಚಾರಣದ ಆಸೆ ಇದ್ದೋರು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ವೆಬ್‌ಸೈಟ್‌ನಲ್ಲಿ ಮೊದಲೇ ಟಿಕೆಟ್ ನೋಡ್ಕೊಳ್ಳಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರೋದ್ರಿಂದ ಬೆಟ್ಟದ ಬುಡಕ್ಕೆ ಹೋಗಿ ವಾಪಸ್ ಬರೋ ಹಾಗೆ ಆಗಬಾರದು.

ಮನೆಯಲ್ಲಿ ನಾಲ್ಕು ಜನ, ನಾಲ್ಕು ಆಸೆ

ಇಲ್ಲೇ ಜಗಳ ಶುರು ಆಗೋದು. ಯಜಮಾನರಿಗೆ ಗುಡಿ, ಮನೆಯವರಿಗೆ ಸೀರೆ, ಮಗನಿಗೆ ಬೆಟ್ಟ. ನಮ್ಮ ಮನೆಗಳಲ್ಲಿ ಹೆಣ್ಮಕ್ಕಳ ಆಸಕ್ತಿ ಕೇಳೋದೇ ಇಲ್ಲ. ಅವರು ಟೂರ್ ಹೋದ್ರೂ ಚಪಾತಿ ಬುತ್ತಿ ಕಟ್ಟೋದು, ಮಕ್ಕಳ ಬ್ಯಾಗ್ ಕಾಯೋದೇ ಕೆಲಸ. ಹೊರಡೋ ಮುಂಚೆ ಪ್ರತಿಯೊಬ್ಬರಿಗೂ ಅರ್ಧ ದಿನ ಅಂತ ಹಂಚಿ. ಆ ಅರ್ಧ ದಿನ ಅವರದ್ದೇ, ಉಳಿದವರು ಗಡಿಯಾರ ನೋಡೋ ಹಾಗಿಲ್ಲ.

ಒಂದು ಉದಾಹರಣೆ. ಮೊದಲ ದಿನ ಬೆಳಗ್ಗೆ ಬಾದಾಮಿ. ಗದಗದಿಂದ ರೈಲೂ ಇದೆ, ಸ್ಟೇಷನ್ ಮಾತ್ರ ಊರಿಂದ ಸ್ವಲ್ಪ ದೂರ. ಗುಹೆ ನೋಡಿ, ಅಗಸ್ತ್ಯ ತೀರ್ಥದ ಆಚೆ ಬೆಟ್ಟ ಹತ್ತಿದ್ರೆ ಮಗನ ಪಾಲು ಮುಗೀತು. ಮಧ್ಯಾಹ್ನ ಪಟ್ಟದಕಲ್ಲು, ಅದು ಯಜಮಾನರ ಪಾಲು. ರಾತ್ರಿ ಬಾದಾಮಿಯಲ್ಲೇ ವಸ್ತಿ. ಮಾರನೇ ದಿನ ಗುಳೇದಗುಡ್ಡದ ಖಣ, ಆಮೇಲೆ ಇಳಕಲ್ ಸೀರೆ. ಅಂಗಡಿಯಲ್ಲಿ ಕೊಳ್ಳೋದಷ್ಟೇ ಅಲ್ಲ, ಮಗ್ಗ ನಡೆಸೋ ಮನೆಯಲ್ಲಿ ಕೇಳ್ಕೊಂಡು ನೋಡಿ. ಇಳಕಲ್ ಸೀರೆಯಲ್ಲಿ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಕೊಂಡಿ ಹಾಕಿ ಒಂದೊಂದೇ ಎಳೆ ಜೋಡಿಸ್ತಾರೆ. ಅದನ್ನ ಒಮ್ಮೆ ಕಣ್ಣಾರೆ ಕಂಡ ಹೆಣ್ಮಗಳಿಗೆ ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳೋದು ಸುಲಭ. ಬಟ್ಟೆ ವ್ಯಾಪಾರ ಇದ್ದ ಮನೆಗೆ ಇದು ಅಂಗಡಿಗೂ ಉಪಯೋಗ. ವಾಪಸ್ ಬರೋದು ಗಜೇಂದ್ರಗಡದ ಮೇಲೆ.

ಹೊರಡೋ ಮುಂಚೆ ಐದು ಪ್ರಶ್ನೆ

1. ಬಿಡುವಿದ್ದಾಗ ಫೋನಿನಲ್ಲಿ ನಾನು ಹೆಚ್ಚು ನೋಡೋದು ಏನನ್ನ? ಅದೇ ನಿಮ್ಮ ಆಸಕ್ತಿ, ಬೇರೆ ಹುಡುಕಬೇಡಿ.

2. ಅದಕ್ಕೆ ಸರಿಯಾದ ತಿಂಗಳು ಯಾವುದು? ನನ್ನ ವ್ಯಾಪಾರದ ಸೀಸನ್‌ಗೆ ಅದು ಅಡ್ಡ ಬರುತ್ತಾ?

3. ಅಲ್ಲಿ ವಾರದ ರಜೆ ಯಾವತ್ತು, ಮೊದಲೇ ಟಿಕೆಟ್ ಬೇಕಾ?

4. ದಿನದ ಯಾವ ಹೊತ್ತಿಗೆ ಅಲ್ಲಿ ಇರಬೇಕು? ಹಕ್ಕಿಗೆ ನಸುಕು, ಆಟಕ್ಕೆ ರಾತ್ರಿ. ಲಾಡ್ಜ್ ಎಲ್ಲಿ ಮಾಡಬೇಕು ಅನ್ನೋದು ಇದರ ಮೇಲೆ.

5. ಇದೇ ಆಸಕ್ತಿಗೆ ನಮ್ಮ ತಾಲ್ಲೂಕಿನ ಹತ್ತಿರ ಏನಿದೆ? ಮೊದಲು ಅಲ್ಲಿ ಅರ್ಧ ದಿನ ಕಳೆದು ನೋಡಿ. ಅಲ್ಲಿ ಬೇಜಾರಾದ್ರೆ ಅದು ನಿಮ್ಮ ಹವ್ಯಾಸ ಅಲ್ಲ. ದೂರದ ಟೂರ್‌ನ ದುಡ್ಡು ಉಳೀತು.

ಸಂಗೀತದ ಆಸಕ್ತಿ ಇದ್ದೋರಿಗೆ ಈ ಐದನೇ ಪ್ರಶ್ನೆಗೆ ಉತ್ತರ ಊರಲ್ಲೇ ಇದೆ. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮಕ್ಕೆ ಬೇರೆ ಊರಿನೋರು ರಜೆ ಹಾಕಿ ಬರ್ತಾರೆ. ಗದಗದಲ್ಲೇ ಹುಟ್ಟಿ ಒಂದು ಸಂಜೆಯೂ ಅಲ್ಲಿ ಕೂತು ಹಾಡು ಕೇಳದೇ ಇದ್ದೋರು ನಮ್ಮಲ್ಲೇ ಎಷ್ಟೋ ಜನ ಇದ್ದೀವಿ.

ಮೂರು ದಿನ ಆದ ಮೇಲೆ ಬಾಗಿಲು ತೆಗೆದಾಗ ಗಿರಾಕಿ 'ಎಲ್ಲಿಗ್ ಹೋಗಿದ್ರಿ ಸಾವ್ಕಾರ್ರ?' ಅಂತ ಕೇಳೇ ಕೇಳ್ತಾರೆ. ಊರಿನ ಹೆಸರು ಹೇಳಿ ಸುಮ್ಮನಾಗೋ ಬದಲು ನೋಡಿದ್ದೊಂದನ್ನ ಬಾಯ್ತುಂಬ ಹೇಳೋ ಹಾಗಿದ್ರೆ, ಬಾಗಿಲು ಹಾಕಿದ್ದು ದಂಡ ಆಗಲಿಲ್ಲ ಅಂತ ಲೆಕ್ಕ.