ಸಣ್ಣ ದೋಣಿಯ ಲಂಗರನ್ನು ಸುರಕ್ಷಿತವಾಗಿ ಮೇಲೆತ್ತುವ ಕ್ರಮ

ಕರಾವಳಿಯ ಅಳಿವೆಗಳಲ್ಲಿ ಕೃಷಿಗೂ ದೋಣಿಗೂ ಹಳೆಯ ನಂಟಿದೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಗಳಿವೆ. ಅದೇ ನೀರಿನಲ್ಲಿ ಮೀನುಗಾರಿಕೆಯೂ ಬಳಚು ಆಯುವ ಕೆಲಸವೂ ನಡೆಯುತ್ತವೆ. ಒಡ್ಡಿನ ದುರಸ್ತಿಗೆ ಮಣ್ಣು ಸಾಗಿಸುವಾಗ, ಬಲೆ ಬಿಡುವಾಗ, ಬಳಚು ಆಯುವಾಗ ದೋಣಿಯನ್ನು ನೀರಿನ ನಡುವೆ ನಿಲ್ಲಿಸಲು ಲಂಗರು ಬೇಕು. ಲಂಗರನ್ನು ಇಳಿಸುವುದು ಸುಲಭ. ಮೇಲೆತ್ತುವಾಗ ಹೆಚ್ಚಿನ ಎಚ್ಚರ ಅಗತ್ಯ. ತಳದಲ್ಲಿ ಸಿಕ್ಕಿಕೊಂಡ ಲಂಗರನ್ನು ದೋಣಿಯ ಪಕ್ಕದಿಂದಲೋ ಹಿಂತುದಿಯಿಂದಲೋ ಬಲವಾಗಿ ಎಳೆದರೆ ಕ್ಷಣಮಾತ್ರದಲ್ಲಿ ದೋಣಿ ಮಗುಚಬಹುದು. ಆದುದರಿಂದ ರೈತ ಬಾಂಧವರು ಹಾಗೂ ವಿಸ್ತರಣಾ ಕಾರ್ಯಕರ್ತರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

ಲಂಗರು ಹಿಡಿಯುವ ಬಗೆ

ಸಣ್ಣ ದೋಣಿಯ ಲಂಗರು ಬರಿಯ ಭಾರದಿಂದ ದೋಣಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಅದರ ಕೊಕ್ಕೆ ತಳದ ಕೆಸರಿನಲ್ಲಿ ಅಥವಾ ಮರಳಿನಲ್ಲಿ ಹೂತುಕೊಳ್ಳುವುದರಿಂದ ದೋಣಿ ನಿಲ್ಲುತ್ತದೆ. ಇದನ್ನು ನೇಗಿಲಿನ ಉದಾಹರಣೆಯಿಂದ ತಿಳಿಯಬಹುದು. ಎತ್ತುಗಳು ಮುಂದಕ್ಕೆ ಎಳೆದಂತೆ ನೇಗಿಲಿನ ಗುಳ ಮಣ್ಣಿಗೆ ಇಳಿಯುತ್ತದೆ. ಅದು ಬೇರಿಗೆ ಸಿಕ್ಕಿಕೊಂಡರೆ ಅನುಭವಿ ರೈತನು ಎತ್ತುಗಳನ್ನು ಬಾರಿಸುವುದಿಲ್ಲ. ಅವುಗಳನ್ನು ಹಿಂದಕ್ಕೆ ಸರಿಸಿ, ಮೇಳಿ ಹಿಡಿದು ನೇಗಿಲನ್ನು ಮೇಲೆತ್ತುತ್ತಾನೆ. ಲಂಗರಿಗೂ ಇದೇ ನಿಯಮ. ಹಗ್ಗವನ್ನು ತಳಕ್ಕೆ ಸಮಾನಾಂತರವಾಗಿ ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ನೇರ ಮೇಲಕ್ಕೆ ಎಳೆದಾಗ ಕೊಕ್ಕೆ ಸಡಿಲಗೊಳ್ಳುತ್ತದೆ.

ಇದೇ ಕಾರಣದಿಂದ ಲಂಗರು ಹಾಕುವಾಗ ನೀರಿನ ಆಳದ 5ರಿಂದ 7 ಪಟ್ಟು ಉದ್ದದ ಹಗ್ಗ ಬಿಡಬೇಕು. ಆಳವನ್ನು ಉಬ್ಬರದ ಮಟ್ಟಕ್ಕೆ ಲೆಕ್ಕ ಹಾಕಬೇಕು. ಈಗ 2 ಮೀಟರ್ ಆಳವಿದ್ದು, ಉಬ್ಬರದಲ್ಲಿ ಇನ್ನೂ 1 ಮೀಟರ್ ಏರುವುದಾದರೆ, 3 ಮೀಟರ್ ಆಳಕ್ಕೆ ಕನಿಷ್ಠ 15 ಮೀಟರ್ ಹಗ್ಗ ಬೇಕು. ಹಗ್ಗ ಗಿಡ್ಡವಾಗಿದ್ದು ಲಂಗರು ಬಿಡದೆ ಹಿಡಿದಿದ್ದರೆ, ನೀರು ಏರಿದಂತೆ ದೋಣಿಯ ಮುಂತುದಿ ಕೆಳಕ್ಕೆ ಎಳೆಯಲ್ಪಡುತ್ತದೆ.

ಅಪಾಯ ಎಲ್ಲಿದೆ?

ದೋಣಿಯ ಮುಂತುದಿ ಎತ್ತರವಾಗಿದ್ದು ನೀರನ್ನು ಸೀಳುವಂತೆ ರಚನೆಯಾಗಿರುತ್ತದೆ. ಎಂಜಿನ್ ಅಳವಡಿಸಿದ ದೋಣಿಗಳಲ್ಲಿ ಹಿಂತುದಿ ತಗ್ಗಾಗಿರುತ್ತದೆ. ಎಂಜಿನ್ ಹಾಗೂ ನಡೆಸುವವನ ಭಾರವೂ ಅಲ್ಲಿಯೇ ಇರುತ್ತದೆ. ಹಿಂತುದಿಗೆ ಹಗ್ಗ ಕಟ್ಟಿ ಎಳೆದರೆ ಹರಿವಿನ ನೀರು ನೇರವಾಗಿ ಒಳನುಗ್ಗುತ್ತದೆ. ಪಕ್ಕದಿಂದ ಎಳೆದರೆ ದೋಣಿ ಹರಿವಿಗೆ ಅಡ್ಡವಾಗಿ ತಿರುಗಿ ವಾಲುತ್ತದೆ. ಒಳಬಂದ ನೀರು ವಾಲಿದ ಬದಿಗೇ ಹರಿದು ಸಮತೋಲ ಮತ್ತಷ್ಟು ಕೆಡುತ್ತದೆ.

ಹರಿವಿನ ವೇಗ ಎರಡು ಪಟ್ಟಾದರೆ ದೋಣಿಯ ಮೇಲಿನ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತಲಿನ ದಿನಗಳಲ್ಲಿ ಉಬ್ಬರವಿಳಿತದ ಸೆಳೆತ ಹೆಚ್ಚು. ಮಳೆಗಾಲದಲ್ಲಿ ಇಳಿತದ ಸೆಳೆತಕ್ಕೆ ನದಿಯ ನೆರೆಯೂ ಸೇರುವುದರಿಂದ ಆ ಸಮಯ ಅತ್ಯಂತ ಅಪಾಯಕಾರಿ. ಉಬ್ಬರ ಮುಗಿದು ಇಳಿತ ಆರಂಭವಾಗುವ ನಡುವೆ ಹರಿವು ಕೆಲಹೊತ್ತು ತಗ್ಗುತ್ತದೆ. ಲಂಗರು ಎತ್ತಲು ಅದೇ ಸೂಕ್ತ ಸಮಯ. ನದಿಯಲ್ಲಿ ನೆರೆಯಿರುವಾಗ ಈ ಬಿಡುವು ದೊರೆಯದಿರಬಹುದು.

ಮೇಲೆತ್ತುವ ಕ್ರಮ

1. ಎಲ್ಲರೂ ಲೈಫ್ ಜಾಕೆಟ್ ಧರಿಸಿರಬೇಕು. ಹರಿತವಾದ ಚಾಕು ಕೈಗೆಟಕುವಂತಿರಲಿ. ದೋಣಿಯ ಭಾರ ಎರಡೂ ಬದಿಗೆ ಸಮನಾಗಿರಲಿ.

2. ಲಂಗರು ಬಿಡುತ್ತಲೇ ದೋಣಿ ತೇಲತೊಡಗುತ್ತದೆ. ಆದ್ದರಿಂದ ಮೊದಲೇ ಎಂಜಿನ್ ಚಾಲೂ ಮಾಡಿ ಅಥವಾ ಹುಟ್ಟುಗಳನ್ನು ಸಿದ್ಧವಾಗಿಡಿ. ಹರಿವಿನ ಕೆಳಬದಿಯಲ್ಲಿ ಬಂಡೆ, ಬಲೆ, ಬೇರೆ ದೋಣಿಗಳಿವೆಯೇ ಎಂದು ನೋಡಿಕೊಳ್ಳಿ.

3. ಹರಿವಿಗೆ ಎದುರಾಗಿ ನಿಧಾನವಾಗಿ ಲಂಗರಿನತ್ತ ಸಾಗಿ. ಒಬ್ಬರು ಮುಂಭಾಗದಲ್ಲಿ ಮಂಡಿಯೂರಿ ಕುಳಿತು ಸಡಿಲವಾದ ಹಗ್ಗವನ್ನು ಒಳಕ್ಕೆ ಎಳೆದುಕೊಳ್ಳಲಿ. ನಿಂತು ಎಳೆಯಬಾರದು. ಹಗ್ಗ ಎಂಜಿನ್ನಿನ ಪಂಕಕ್ಕೆ ಸುತ್ತಿಕೊಳ್ಳದಂತೆ ಎಚ್ಚರವಹಿಸಿ.

4. ಹಗ್ಗವನ್ನು ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಬೇಡಿ. ದೋಣಿಯೊಳಗೆ ಸುರುಳಿಯಾಗಿ ಬಿದ್ದ ಹಗ್ಗದ ನಡುವೆ ಕಾಲಿಡಬೇಡಿ.

5. ಹಗ್ಗ ನೇರ ಕೆಳಗಿಳಿದಾಗ ಮುಂತುದಿಯ ಗೂಟಕ್ಕೆ ಒಂದು ಸುತ್ತು ಹಾಕಿ ಹಿಡಿಯಿರಿ, ಗಂಟು ಹಾಕಬೇಡಿ. ದೋಣಿಯ ತೇಲುಬಲವೇ ಕೊಕ್ಕೆಯನ್ನು ನಿಧಾನವಾಗಿ ಸಡಿಲಿಸುತ್ತದೆ. ಮುಂತುದಿ ತಗ್ಗಿ ನೀರು ಅಂಚಿಗೆ ಸಮೀಪಿಸಿದರೆ ತಕ್ಷಣ ಹಗ್ಗ ಬಿಡಿ.

6. ಲಂಗರು ಸಡಿಲಗೊಂಡ ಮೇಲೆ ಮುಂತುದಿಯಿಂದಲೇ ಒಳಕ್ಕೆ ತೆಗೆದುಕೊಂಡು, ಕೆಸರು ತೊಳೆದು, ಕಟ್ಟಿಡಿ.

ಲಂಗರು ಬಾರದಿದ್ದರೆ

ಬಂಡೆಯ ಸಂದಿಗೆ ಅಥವಾ ಮುಳುಗಿದ ಮರಕ್ಕೆ ಕೊಕ್ಕೆ ಸಿಕ್ಕಿಕೊಂಡಿರಬಹುದು. ಹರಿವು ತಗ್ಗಿರುವಾಗ ಮಾತ್ರ ಹಗ್ಗ ಸಡಿಲಿಸಿ, ದೋಣಿಯನ್ನು ಲಂಗರಿನ ಆಚೆ ಬದಿಗೆ ಒಯ್ದು, ಹಿಡಿದ ದಿಕ್ಕಿಗೆ ವಿರುದ್ಧವಾಗಿ ಮುಂತುದಿಯಿಂದ ಮೆಲ್ಲನೆ ಎಳೆಯಬಹುದು. ಸೆಳೆತವಿದ್ದಲ್ಲಿ ಈ ಪ್ರಯತ್ನ ಬೇಡ. ಹರಿವು ತಗ್ಗುವವರೆಗೆ ಕಾಯಿರಿ. ಎಂಜಿನ್ನಿನ ಪೂರ್ಣ ಬಲದಿಂದ ಜಗ್ಗುವುದನ್ನು ಎಂದಿಗೂ ಮಾಡಬಾರದು.

ಕಾಯುವುದು ಸಾಧ್ಯವಿಲ್ಲದಿದ್ದರೆ ಹಗ್ಗ ಕತ್ತರಿಸಿ. ಸಮಯವಿದ್ದರೆ, ಕತ್ತರಿಸುವ ಮೊದಲು ಲಂಗರಿನ ಕಡೆಯ ಹಗ್ಗಕ್ಕೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಕಟ್ಟಿದರೆ ನಂತರ ಬಂದು ಲಂಗರನ್ನು ಹುಡುಕಬಹುದು. ನೀರು ಒಳನುಗ್ಗುತ್ತಿದ್ದರೆ ಇದಕ್ಕೂ ಕಾಯಬೇಡಿ. ಕಳೆದುಹೋದ ಲಂಗರನ್ನು ಮತ್ತೆ ಕೊಳ್ಳಬಹುದು.

ಮುನ್ನೆಚ್ಚರಿಕೆಯ ಕಟ್ಟು

ಕಲ್ಲು ತಳವಿರುವೆಡೆ ಲಂಗರಿನ ಹಗ್ಗವನ್ನು ಮೇಲ್ತುದಿಯ ಬಳೆಗೆ ಕಟ್ಟದೆ, ಕೊಕ್ಕೆಗಳು ಕೂಡುವ ಬುಡಕ್ಕೆ ಭದ್ರವಾಗಿ ಕಟ್ಟಬೇಕು. ಅನಂತರ ಹಗ್ಗವನ್ನು ದಂಡದುದ್ದಕ್ಕೂ ತಂದು ಬಳೆಗೆ ತೆಳುವಾದ ಹುರಿಯಿಂದ ಬಿಗಿಯಬೇಕು. ಸಾಮಾನ್ಯ ಎಳೆತದಲ್ಲಿ ಹುರಿ ತಡೆಯುತ್ತದೆ. ಲಂಗರು ಸಿಕ್ಕಿಕೊಂಡಾಗ ನೇರ ಮೇಲಿನಿಂದ ಬಲವಾಗಿ ಎಳೆದರೆ ಹುರಿ ಹರಿದು, ಲಂಗರು ಬುಡದ ಕಡೆಯಿಂದ ಹಿಮ್ಮುಖವಾಗಿ ಹೊರಬರುತ್ತದೆ. ಹುರಿ ಅಕಸ್ಮಾತ್ ಹರಿದರೆ ದೋಣಿ ತೇಲಿಹೋಗಬಹುದಾದ್ದರಿಂದ, ಈ ಕಟ್ಟನ್ನು ದೋಣಿಯಲ್ಲಿ ಜನರಿರುವಾಗ ಮಾತ್ರ ಬಳಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ

ಈ ವಿಷಯವನ್ನು ದಡದಲ್ಲಿಯೇ ಪ್ರಾತ್ಯಕ್ಷಿಕೆಯ ಮೂಲಕ ಮನವರಿಕೆ ಮಾಡಬಹುದು. ಒದ್ದೆ ಮರಳಿನಲ್ಲಿ ಲಂಗರನ್ನು ಹೂತು, ರೈತರಿಂದಲೇ ಮೊದಲು ಹಗ್ಗವನ್ನು ನೆಲಮಟ್ಟದಲ್ಲಿ, ಅನಂತರ ನೇರ ಮೇಲಕ್ಕೆ ಎಳೆಯಿಸಿ. ವ್ಯತ್ಯಾಸ ಅವರ ಕೈಗೇ ತಿಳಿಯುತ್ತದೆ. ಬುಡದ ಕಟ್ಟನ್ನೂ ಅಲ್ಲಿಯೇ ಅಭ್ಯಾಸ ಮಾಡಿಸಿ. ಮಳೆಗಾಲಕ್ಕೆ ಮುನ್ನ ಪ್ರತಿ ದೋಣಿಯ ಹಗ್ಗ, ಮುಂತುದಿಯ ಗೂಟ, ಚಾಕು ಹಾಗೂ ಲೈಫ್ ಜಾಕೆಟ್‌ಗಳನ್ನು ಪರಿಶೀಲಿಸುವಂತೆ ತಿಳಿಸಿ. ತುರ್ತು ಸಂದರ್ಭದಲ್ಲಿ 112ಕ್ಕೆ, ಸಮುದ್ರದಲ್ಲಿ ಅಪಾಯ ಎದುರಾದಲ್ಲಿ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಬೇಕು. ಈ ಎರಡೂ ಸಂಖ್ಯೆಗಳನ್ನು ದೋಣಿಯ ಒಳಬದಿಯಲ್ಲಿ ಬಣ್ಣದಿಂದ ಬರೆಸುವುದು ಸೂಕ್ತ.