ಹಗೇವಿನ ಬಾಯಿ ತೆರೆಯುವ ಕಾಲ

ಫಾಲ್ಗುಣವು ಕಳೆದು ಚೈತ್ರವು ಕಾಲಿಡುವ ಹೊತ್ತಿಗೆ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಹೊಲಗಳು ಬರಿದಾಗಿ ಬಿಸಿಲಿಗೆ ಬಿರಿಯತೊಡಗುತ್ತವೆ. ಕವಿಗಳು ವಸಂತವನ್ನು ಮಾವಿನ ಚಿಗುರಿನಲ್ಲಿಯೂ ಕೋಗಿಲೆಯ ದನಿಯಲ್ಲಿಯೂ ಕಾಣುವರು. ನಮ್ಮ ಸೀಮೆಯ ಒಕ್ಕಲಗಿತ್ತಿಯಾದರೋ ಅದನ್ನು ಕೆಲಸಗಳ ಸಾಲಿನಲ್ಲಿಯೇ ಕಾಣುವಳು.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಈ ದಿನಗಳ ದಿನಚರಿಯು ಬೆಳ್ಳಿ ಮೂಡುವಾಗಲೇ ಬೀಸುವ ಕಲ್ಲಿನ ಮುಂದೆ ಆರಂಭವಾಗುತ್ತಿತ್ತು. ಅಂಗಳವನ್ನು ಸಾರಿಸಿ, ಅನೇಕ ಬಾವಿಗಳ ನೀರು ಸವುಳಾದ ಕಾರಣ ಕೆರೆಯಿಂದ ಸಿಹಿನೀರು ಹೊತ್ತು ತಂದು, ಜೋಳದ ರೊಟ್ಟಿ ಬಡಿದು, ಬುತ್ತಿಯನ್ನು ಕಟ್ಟಿಕೊಂಡು ಕಣಕ್ಕೆ ಹೋಗಬೇಕಾಗಿತ್ತು. ಅಲ್ಲಿ ಎತ್ತುಗಳು ಹಂತಿ ತುಳಿಯುವವು. ಗಾಳಿ ಬೀಸಿದಾಗ ಗಂಡಸರು ರಾಶಿ ತೂರುವರು. ಹೆಂಗಸರು ಕಾಳನ್ನು ಹಸನು ಮಾಡುವರು. ಉಳಿದ ಹೊತ್ತಿನಲ್ಲಿ ಹತ್ತಿ ಬಿಡಿಸುವುದು, ಮೆಣಸಿನಕಾಯಿ ಒಣಗಿಸುವುದು, ಶಾವಿಗೆ ಹೊಸೆಯುವುದು, ಕುಳ್ಳು ತಟ್ಟುವುದು, ಮಳೆಗಾಲಕ್ಕೆ ಮುಂಚೆ ಮಣ್ಣಿನ ಮಾಳಿಗೆಯನ್ನು ಸರಿಪಡಿಸುವುದು ಮುಂತಾದವು ಇದ್ದೇ ಇದ್ದವು.

ಇವೆಲ್ಲವುಗಳಲ್ಲಿ ಜೀವದ ಗಂಡಾಂತರವುಳ್ಳ ಕೆಲಸ ಒಂದಿತ್ತು. ಅದು ಹಗೇವನ್ನು ತೆರೆಯುವುದು. ಹೊಸ ಜೋಳವನ್ನು ತುಂಬುವ ಮೊದಲು ಹಳೆಯ ಕಾಳನ್ನು ತೆಗೆದು, ಒಳಗನ್ನು ಶುಚಿಮಾಡಬೇಕಾಗಿತ್ತು.

ಹಗೇವೆಂದರೆ ಗಟ್ಟಿ ನೆಲದಲ್ಲಿ ತೋಡಿದ ಧಾನ್ಯದ ಕುಣಿ. ಬಾಯಿಯು ಒಬ್ಬ ಮನುಷ್ಯನು ಇಳಿಯುವಷ್ಟು ಕಿರಿದು, ಹೊಟ್ಟೆಯು ಅಗಲ. ಸುತ್ತಲೂ ಒಣಹುಲ್ಲನ್ನು ಹೊಂದಿಸಿ, ಚೆನ್ನಾಗಿ ಒಣಗಿದ ಜೋಳವನ್ನು ಸುರಿದು, ಬಾಯಿಗೆ ಕಲ್ಲುಹಾಸನ್ನಿಟ್ಟು ಮಣ್ಣಿನಿಂದ ಮೆತ್ತುವರು. ಪಶ್ಚಿಮಕ್ಕೆ ಮಲೆನಾಡಿನ ಅಂಚಿನಲ್ಲಿರುವ ಕಲಘಟಗಿಯ ಕಡೆಗೆ ಮಳೆ ಹೆಚ್ಚು, ನೆಲ ತೇವ. ಭತ್ತ ಬೆಳೆಯುವ ಅಂಥ ಊರುಗಳಿಗೆ ನೆಲದ ಮೇಲಣ ಕಣಜವೇ ತಕ್ಕದ್ದು. ಹಗೇವು ಒಣ ಬಯಲುಸೀಮೆಯ ಉಪಾಯ. 1876ರಿಂದ 1878ರ ವರೆಗಿನ ಘೋರ ಕ್ಷಾಮವನ್ನು ಕಂಡ ಈ ಸೀಮೆಯಲ್ಲಿ, ತುಂಬಿದ ಹಗೇವೆಂದರೆ ಮುಂದಿನ ಬರಗಾಲಕ್ಕೆ ಕಾದಿಟ್ಟ ಅನ್ನವಾಗಿತ್ತು.

ಅದರೊಳಗೆ ಕಾಳು ಕೆಡದಿರುವುದೇಕೆ? ಕಾಳೂ ಜೀವವುಳ್ಳದ್ದು, ಅದೂ, ಅದರೊಳಗಿನ ಹುಳುಗಳೂ ಉಸಿರಾಡುತ್ತವೆ. ಮುಚ್ಚಿದ ಕುಣಿಯಲ್ಲಿ ಆಮ್ಲಜನಕವು ದಿನದಿನಕ್ಕೆ ತೀರಿ, ಇಂಗಾಲಾಮ್ಲ ವಾಯುವು, ಅಂದರೆ ಈಗಿನ ಪಾಠಪುಸ್ತಕಗಳ ಇಂಗಾಲದ ಡೈಆಕ್ಸೈಡ್, ತುಂಬಿಕೊಳ್ಳುತ್ತದೆ. ಆಗ ಹುಳುಗಳು ಸಾಯುತ್ತವೆ, ಕಾಳು ಉಳಿಯುತ್ತದೆ. ಆದರೆ ಹುಳುವನ್ನು ಕೊಲ್ಲುವ ಗಾಳಿಯು ಮನುಷ್ಯನನ್ನು ಬಿಟ್ಟೀತೇ? ಈ ವಾಯುವು ಸಾಮಾನ್ಯ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದದ್ದರಿಂದ, ಬಾಯಿ ತೆರೆದರೂ ತಳದಲ್ಲಿಯೇ ನಿಲ್ಲುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೂರಕ್ಕೆ 10 ಭಾಗವಾದರೆ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ.

ಆದಕಾರಣ ಹಿರಿಯರು ಹಗೇವಿನ ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಕಂದೀಲನ್ನು ಹಗ್ಗದಿಂದ ಇಳಿಬಿಟ್ಟು ನೋಡುತ್ತಿದ್ದರು. ದೀಪ ನಂದಿದರೆ ಯಾರೂ ಇಳಿಯಕೂಡದು. ಗಾಳಿಯಲ್ಲಿ ನೂರಕ್ಕೆ 21 ಭಾಗವಿರುವ ಆಮ್ಲಜನಕವು ಸುಮಾರು 16ಕ್ಕೆ ಇಳಿದಾಗ ದೀಪವು ಆರುವುದು. ಹಿರಿಯರ ಈ ಪರೀಕ್ಷೆ ಜಾಣತನದ್ದೇ, ಆದರೆ ಪೂರ್ಣವಾದದ್ದಲ್ಲ. ದೀಪ ಉರಿಯುತ್ತಿದ್ದರೂ ವಿಷವಾಯುವು ಅಪಾಯದ ಮಟ್ಟದಲ್ಲಿ ಇರಬಲ್ಲದು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದುಂಟು. ಒಳಗಿಳಿದವನು ಕುಸಿದನೆಂದು ಕಂಡ ಕೂಡಲೆ ತಮ್ಮನೋ ಮಗನೋ ಹಿಂದುಮುಂದು ನೋಡದೆ ಹಾರುವನು. ಒಂದು ಹೆಣವಿದ್ದಲ್ಲಿ ಎರಡಾಗುವುವು. ಪ್ರೀತಿಯೇ ಅಲ್ಲಿ ಮೃತ್ಯುವಾಗುವುದು. ಇಳಿಯುವವನ ಸೊಂಟಕ್ಕೆ ಮೊದಲೇ ಹಗ್ಗವಿರಬೇಕು. ಅದರ ತುದಿಯನ್ನು ಹಿಡಿದು ಇಬ್ಬರಾದರೂ ಮೇಲಿರಬೇಕು. ಹಗ್ಗವಿಲ್ಲದೆ ಬಿದ್ದವನಿದ್ದರೆ ಅಗ್ನಿಶಾಮಕ ದಳದವರನ್ನು ಕರೆಯತಕ್ಕದ್ದು.

ಈಗ ಹಗೇವುಗಳು ಬಹುಮಟ್ಟಿಗೆ ಮರೆತುಹೋಗಿವೆ. ಬೀಸುವ ಕಲ್ಲಿನ ಕೆಲಸವನ್ನು ಗಿರಣಿಯೂ ಹಂತಿಯ ಕೆಲಸವನ್ನು ಯಂತ್ರವೂ ಮಾಡುತ್ತವೆ. ಆದರೆ ಹಳೆಯ ಹಗೇವುಗಳು ಮನೆಗಳ ಮತ್ತು ಓಣಿಗಳ ಕೆಳಗೆ ಇನ್ನೂ ಇದ್ದು, ಮಳೆಗಾಲದಲ್ಲಿ ಕುಸಿಯುವುದುಂಟು. ಎಲ್ಲಿವೆಯೆಂದು ಬಲ್ಲ ಮುದುಕರನ್ನು ಕೇಳಿ ಅವನ್ನು ತುಂಬಿಸುವುದು ಲೇಸು. ಹಾಳುಬಾವಿ, ಗೋಬರ್ ಗ್ಯಾಸಿನ ಗುಂಡಿ, ಮಲದ ಗುಂಡಿಗಳಲ್ಲಿಯೂ ಇಂಥದೇ ಮೃತ್ಯುವು ಅಡಗಿರುವುದು. ಇವುಗಳಲ್ಲಿ ಹಿಂದಿನ ಎರಡಕ್ಕೆ ದೀಪವನ್ನಂತೂ ಇಳಿಸಲೇಬಾರದು. ಅಲ್ಲಿಯ ಅನಿಲಕ್ಕೆ ಬೆಂಕಿ ಹತ್ತಿ ಸಿಡಿಯುವುದು.

ಐಗುಪ್ತದಲ್ಲಿ ಯೋಸೇಫನು ಸುಭಿಕ್ಷದ ಕಾಲದಲ್ಲಿಯೇ ಧಾನ್ಯವನ್ನು ಕೂಡಿಸಿಟ್ಟು ಬಹುಜನರ ಪ್ರಾಣವನ್ನು ಉಳಿಸಿದ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಕೇಳಿದವರೇ. ಕಾಳನ್ನು ಕಾಯುವ ಬುದ್ಧಿಯಂತೆಯೇ ಕಾಳು ತೆಗೆಯಲು ಇಳಿಯುವವನನ್ನು ಕಾಯುವ ಬುದ್ಧಿಯೂ ಮನೆಗೆ ಬೇಕು. ಪ್ರಿಯ ಸಹೋದರಿಯರೇ, ವಿಜ್ಞಾನದ ತರಗತಿಯಲ್ಲಿ ಗಾಜಿನ ಪಾತ್ರೆಯೊಳಗೆ ಮೇಣದ ಬತ್ತಿ ನಂದಿದ್ದನ್ನು ನೀವು ನೋಡಿರಬಹುದು. ಆ ಪಾಠವನ್ನು ಈ ಬೇಸಗೆಯಲ್ಲಿ ನಿಮ್ಮ ಅಂಗಳದಲ್ಲಿಯೂ ಹೇಳಿರಿ.