ಮುತ್ತಜ್ಜನನ್ನು ಹುಡುಕಿಕೊಂಡು ತಾಲ್ಲೂಕು ಕಚೇರಿಗೆ

ಧಾರವಾಡ, ಹಾವೇರಿ, ಬೆಳಗಾವಿ ಕಡೆಯ ಯಾವುದೇ ಹಳ್ಳಿಗೆ ಹೋಗಿ ‘ನಿಮ್ಮ ಮುತ್ತಜ್ಜನ ಅಪ್ಪನ ಹೆಸರೇನು?’ ಎಂದು ಕೇಳಿ ನೋಡಿ. ಬಹಳಷ್ಟು ಮನೆಗಳಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ. ‘ನಿಮ್ಮ ಹಿರೇರ ಹೊಲ ಯಾವುದು?’ ಎಂದು ಕೇಳಿದರೆ ಮಾತ್ರ ಮನೆಯವರೆಲ್ಲ ಒಟ್ಟಿಗೆ ಬಾಯಿ ಬಿಡುತ್ತಾರೆ. ಹಳ್ಳದ ದಂಡೆಯ ಎರೆ ಹೊಲ, ದೊಡ್ಡ ಬೇವಿನ ಗಿಡದ ಆಚೆಗಿನ ಮಡ್ಡಿ, ಈಗ ದಾಯಾದಿಗಳ ಪಾಲಿಗೆ ಹೋಗಿರುವ ಬಾವಿ ಹೊಲ. ಮನೆತನದ ಚರಿತ್ರೆ ಹುಡುಕುವವರು ಹಿಡಿಯಬೇಕಾದ ದಾರಿ ಇದೇ. ಹಳ್ಳಿಯ ಸಾಮಾನ್ಯ ಒಕ್ಕಲು ಕುಟುಂಬಕ್ಕೆ ರಾಜವಂಶದವರಂತೆ ಶಾಸನವಿಲ್ಲ, ಮಠದವರಂತೆ ಗುರುಪರಂಪರೆಯ ಪಟ್ಟಿಯಿಲ್ಲ. ಅವರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಬರೆದಿಟ್ಟದ್ದು ಕಂದಾಯ ವಸೂಲಿ ಮಾಡುವ ಸರ್ಕಾರ.

ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಸರ್ವೆ ಪದ್ಧತಿಯನ್ನು ಮುಂಬೈ ಸರ್ಕಾರ 1840ರ ದಶಕದಲ್ಲಿ ಧಾರವಾಡ ಸೀಮೆಗೆ ತಂದಿತು. ಹಳೆ ಮೈಸೂರಿನಲ್ಲಿ ಅದೇ ಮಾದರಿಯ ಸರ್ವೆ 1863ರಲ್ಲಿ ಶುರುವಾಯಿತು. ಪ್ರತಿ ಹೊಲವನ್ನೂ ಅಳೆದು ಒಂದು ನಂಬರು ಕೊಟ್ಟು, ಅದರ ಕಂದಾಯ ಕಟ್ಟುವವನ ಹೆಸರು ಬರೆದರು. ಅಂದಿನಿಂದ ಎಷ್ಟೋ ಹೆಸರು ಬಂದು ಹೋದರೂ ನಂಬರಿನ ಜಾಡು ತಪ್ಪಿಲ್ಲ. ಹಿಸ್ಸೆಯಾದಾಗಲೂ ಮೂಲ ನಂಬರು ಉಳಿದೇ ಇರುತ್ತದೆ. ಒಂದು ಸರ್ವೆ ನಂಬರು ಎಷ್ಟು ಹಿಸ್ಸೆಗಳಾಗಿ ಒಡೆದಿದೆ, ಯಾವ ವರ್ಷ ಒಡೆಯಿತು ಎಂದು ನೋಡಿದರೆ ಅಣ್ಣತಮ್ಮಂದಿರು ಬೇರೆಯಾದ ಕಥೆ ಅರ್ಧ ತಿಳಿದ ಹಾಗೆಯೇ.

ಕೆಲಸ ಶುರು ಮಾಡಬೇಕಾದದ್ದು ಇಂದಿನ ಉತಾರದಿಂದ. ಮೈಸೂರು ಕಡೆಯವರು ಇದನ್ನೇ ಪಹಣಿ ಎನ್ನುತ್ತಾರೆ. ‘ಭೂಮಿ’ ತಂತ್ರಾಂಶ ಬಂದಮೇಲೆ ಇದು ಕಂಪ್ಯೂಟರಿನಲ್ಲೇ ಸಿಗುತ್ತದೆ. ಅದರಲ್ಲಿ ಖಾತೇದಾರನ ಹೆಸರಿನ ಜತೆಗೆ ಹಕ್ಕು ಬದಲಾವಣೆಯ ನಂಬರೂ ಇರುತ್ತದೆ. ಆ ನಂಬರು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟರೆ ಹಿಂದಿನ ನೋಂದಣಿ ಸಿಗುತ್ತದೆ, ಅದು ಅದರ ಹಿಂದಿನದನ್ನು ತೋರಿಸುತ್ತದೆ. ಮುಂಬೈ ಪ್ರಾಂತ್ಯದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಹಾಗಾಗಿ ಈ ಭಾಗದ ಹಳ್ಳಿಗಳಲ್ಲಿ, ಕಡತ ಉಳಿದಿದ್ದರೆ, ಇಪ್ಪತ್ತನೇ ಶತಮಾನದ ಆರಂಭದವರೆಗೂ ಹಿಂದಕ್ಕೆ ನಡೆಯಬಹುದು.

ಈ ಕಡತಗಳಲ್ಲಿ ನನಗೆ ಎಲ್ಲಕ್ಕಿಂತ ಅಮೂಲ್ಯವಾಗಿ ಕಾಣುವುದು ವಾರಸಾ ನೋಂದಣಿ. ಹಳೆ ಮೈಸೂರಿನಲ್ಲಿ ಇದು ಪೌತಿ ಖಾತೆ. ಖಾತೇದಾರ ಇಂಥ ದಿನ ‘ಮಯತ’ನಾದ ಎಂಬ ಸಾಲು ಮೊದಲು ಬರುತ್ತದೆ. ಅದರ ಕೆಳಗೆ ವಾರಸುದಾರರು: ಹಿರಿಯ ಮಗ, ವಯಸ್ಸು ಇಪ್ಪತ್ನಾಲ್ಕು, ಕಿರಿಯ ಮಗ, ವಯಸ್ಸು ಒಂಬತ್ತು, ಪಕ್ಕದಲ್ಲಿ ‘ಅ.ಪಾ.ಕ. ತಾಯಿ’ ಎಂಬ ಮೂರಕ್ಷರದ ಸಂಕ್ಷೇಪ. ಅಂದರೆ ಅಪ್ರಾಪ್ತ ಮಗನ ಪಾಲನಕರ್ತೆ ತಾಯಿ. ಕೊನೆಗೆ ಎಡಗೈ ಹೆಬ್ಬೆಟ್ಟಿನ ಗುರುತು. ಇಂಥ ನಾಲ್ಕು ಸಾಲಿನಲ್ಲಿ ಸಾವಿನ ದಿನಾಂಕವಿದೆ, ಇಬ್ಬರು ಮಕ್ಕಳು ಹುಟ್ಟಿದ ಅಂದಾಜು ವರ್ಷವಿದೆ, ಒಂಬತ್ತು ವರ್ಷದ ಹುಡುಗನನ್ನು ಇಟ್ಟುಕೊಂಡು ಹೊಲದ ಜವಾಬ್ದಾರಿ ಹೊತ್ತ ಹೆಣ್ಣುಮಗಳಿದ್ದಾಳೆ. ನೋಂದಣಿಯ ವರ್ಷ 1918 ಅಥವಾ 1919 ಆಗಿದ್ದರೆ ಇನ್‌ಫ್ಲುಯೆಂಜಾ ನೆನಪಾಗಬೇಕು. ಅದಕ್ಕೂ ಹಿಂದಿನದಾದರೆ ಪ್ಲೇಗು. ‘ಪ್ಲೇಗಿನಾಗ ಊರು ಬಿಟ್ಟು ಹೊಲದಾಗ ಗುಡಿಸಲು ಹಾಕಿದ್ರಂತ’ ಎಂದು ಮನೆಯ ಹಿರಿಯರು ಹೇಳುವ ಮಾತಿಗೆ ಒಂದು ಇಸವಿ ಕೂಡಿಸಲು ಸಾಧ್ಯವಾಗುವುದು ಇಂಥ ಕಾಗದಗಳಿಂದಲೇ.

ಹೊಲವೇ ಇಲ್ಲದವರ ಗತಿ? ಪ್ರಶ್ನೆ ಕಠಿಣ, ಆದರೆ ದಾರಿಗಳಿವೆ. ಗೌಡ, ಕುಲಕರ್ಣಿಗಳಷ್ಟೇ ಅಲ್ಲ, ತಳವಾರ, ತೋಟಿ, ನೀರಗಂಟಿ ಮೊದಲಾದ ಊರ ಚಾಕರಿಯ ಮನೆತನಗಳಿಗೂ ವಂಶಪಾರಂಪರ್ಯದ ಹಕ್ಕು ಇತ್ತು. ಹಕ್ಕು ಯಾರಿಗೆ ಸೇರಬೇಕೆಂದು ತೀರ್ಮಾನಿಸಲು ಮುಂಬೈ ಪ್ರಾಂತ್ಯದ 1874ರ ವತನ ಕಾಯ್ದೆಯಡಿ ವಾರಸುದಾರರ ಹೆಸರು ದಾಖಲಿಸುತ್ತಿದ್ದರು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಯಾದಾಗ ಆ ಚಾಕರಿಯ ಜಮೀನನ್ನು ಅದೇ ಮನೆತನದವರಿಗೆ ಮರುಮಂಜೂರು ಮಾಡಲಾಯಿತು. ಆ ಕಡತಗಳಲ್ಲಿ ವಂಶಾವಳಿ ಇರುವ ಸಂಭವ ಹೆಚ್ಚು. ಕೋರಿಗೆ ಹೊಲ ಮಾಡಿಕೊಂಡಿದ್ದವರ ಹೆಸರನ್ನು 1974ರ ಭೂ ಸುಧಾರಣೆಯ ನಂತರ ಭೂ ನ್ಯಾಯಮಂಡಳಿಗೆ ಸಲ್ಲಿಸಿದ ಏಳನೇ ನಮೂನೆಯ ಅರ್ಜಿಗಳಲ್ಲಿ ಹುಡುಕಬೇಕು. ಎಷ್ಟೋ ಗೇಣಿದಾರ ಕುಟುಂಬಗಳು ಸರ್ಕಾರದ ಮುಂದೆ ‘ಈ ಹೊಲ ನಮ್ಮ ಅಪ್ಪನ ಕಾಲದಿಂದ ನಾವೇ ಉಳುತ್ತಿದ್ದೇವೆ’ ಎಂದು ಬರೆಸಿದ್ದು ಆಗಲೇ.

ಈ ಎಲ್ಲ ಕಾಗದಗಳಲ್ಲೂ ದೊಡ್ಡ ಅನ್ಯಾಯವೊಂದಿದೆ. ಮನೆಯ ಹೆಣ್ಣುಮಕ್ಕಳು ಸಿಗುವುದಿಲ್ಲ. ಹೆಂಗಸಿನ ಹೆಸರು ದಾಖಲೆಗೆ ಬರುವುದು ಹೆಚ್ಚಾಗಿ ಅವಳು ಗಂಡನನ್ನು ಕಳೆದುಕೊಂಡಾಗ; ಅದೂ ‘ಕೋಂ’ ಎಂದು ಗಂಡನ ಹೆಸರಿಗೆ ಅಂಟಿಕೊಂಡು. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳು ತವರಿನ ಕಡತದಿಂದ ಮಾಯವಾಗುತ್ತಾಳೆ. ಕರ್ನಾಟಕದಲ್ಲಿ 1994ರಲ್ಲಿ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಮೇಲೆ, 2005ರಲ್ಲಿ ದೇಶಕ್ಕೆಲ್ಲ ಅದೇ ಕಾನೂನಾದ ಮೇಲೆ, ಪಾಲಿನ ಜತೆಗೆ ಅವರ ಹೆಸರೂ ವಂಶವೃಕ್ಷದಲ್ಲಿ ಕಾಣಲು ಶುರುವಾಯಿತು. ಅದಕ್ಕೂ ಹಿಂದಿನ ಅಜ್ಜಿಯರು ಉಳಿದಿರುವುದು ಜನರ ಬಾಯಲ್ಲಿ ಮಾತ್ರ.

ಬಾಯಿಮಾತಿನ ವಿಷಯ ಬಂದಮೇಲೆ ಹೆಳವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಲಿಂಗಾಯತ, ಕುರುಬ, ರೆಡ್ಡಿ ಮೊದಲಾದ ಒಕ್ಕಲು ಸಮುದಾಯಗಳ ವಂಶಾವಳಿಯನ್ನು ಕಾಪಾಡುವುದೇ ಇವರ ಕುಲಕಸುಬು. ಒಬ್ಬೊಬ್ಬ ಹೆಳವನಿಗೆ ಇಂತಿಷ್ಟು ಊರು, ಇಂತಿಷ್ಟು ಮನೆತನ ಎಂಬ ಹಕ್ಕು ಇರುತ್ತದೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಮನೆ ಮುಂದೆ ಬಂದು ನಿಲ್ಲುತ್ತಿದ್ದರು. ಮನೆತನದ ಮೂಲ ಊರು, ಬೆಡಗು, ಮನೆದೇವರು, ಬರಕ್ಕೋ ಜಗಳಕ್ಕೋ ಊರು ಬಿಟ್ಟು ಬಂದ ಬಗೆ, ಒಬ್ಬ ಹಿರಿಯನ ಮಕ್ಕಳು ಯಾವ ಯಾವ ಹಳ್ಳಿಗೆ ಹರಿದು ಹೋದರು ಎಂಬುದನ್ನೆಲ್ಲ ರಾಗವಾಗಿ ಹೇಳಿ, ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಗಂಡುಮಕ್ಕಳ ಹೆಸರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಪ್ರತಿಯಾಗಿ ಕಾಳು, ಬಟ್ಟೆ, ಹಣ, ಉಳ್ಳವರ ಮನೆಯಲ್ಲಿ ಆಕಳು ಅಥವಾ ಎತ್ತು. ಸರ್ವೆ ದಾಖಲೆ ಒಂದು ಊರಿನ ಗಡಿ ದಾಟುವುದಿಲ್ಲ. ಹೆಳವರ ಪುಸ್ತಕ ದಾಟುತ್ತದೆ. ಮೂಲ ಊರು ಯಾವುದೆಂದೇ ಗೊತ್ತಿಲ್ಲದ ಕುಟುಂಬಕ್ಕೆ ಅವರಷ್ಟು ಸಹಾಯ ಮಾಡಬಲ್ಲವರು ಬೇರೆ ಯಾರೂ ಇಲ್ಲ. ಅವರ ಹೊಸ ತಲೆಮಾರು ಈ ಕಸುಬು ಬಿಡುತ್ತಿದೆ. ಬಿಡುವುದು ಅವರ ಹಕ್ಕು. ಆದರೆ ಪುಸ್ತಕಗಳು ಗೆದ್ದಲಿನ ಪಾಲಾಗಬಾರದು. ಹರಿದ್ವಾರದ ಪಂಡಾಗಳ ವಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಘವೊಂದು 1970ರ ದಶಕದಿಂದಲೇ ಮೈಕ್ರೋಫಿಲ್ಮ್ ಮಾಡಿಸಿತು. ಹೆಳವರ ಒಪ್ಪಿಗೆ ಪಡೆದು, ತಕ್ಕ ಗೌರವಧನ ಕೊಟ್ಟು ಅಂಥದೇ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.

ಊರ ಶಾಲೆಯ ದಾಖಲಾತಿ ರಿಜಿಸ್ಟರನ್ನೂ ಮರೆಯಬೇಡಿ. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಮಾತ್ರ ನಂಬಬೇಡಿ. ಶಾಲೆಗೆ ಸೇರಿಸುವಾಗ ಮಾಸ್ತರರು ವಯಸ್ಸು ಕೂಡಿಸಿ ಬರೆದ ದಿನಾಂಕ ಅದು. ಜನನ ಮರಣ ನೋಂದಣಿಯ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಹಿಂದಿನ ಪುಸ್ತಕಗಳು ಕೆಲವು ಊರಲ್ಲಿ ಉಳಿದಿವೆ, ಕೆಲವು ಕಡೆ ಇಲ್ಲ. ಹಳೆಯ ಕಾಗದ ಮೋಡಿ ಲಿಪಿಯಲ್ಲಿದ್ದರೆ, ಕಲಬುರಗಿ ಕಡೆಯದಾಗಿ ಉರ್ದುವಿನಲ್ಲಿದ್ದರೆ, ಓದಬಲ್ಲ ಹಿರಿಯರನ್ನು ಹುಡುಕಬೇಕಾಗುತ್ತದೆ. ಅಂಥವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.

ಕಂದಾಯ ಇಲಾಖೆ 2024ರಲ್ಲಿ ‘ಭೂ ಸುರಕ್ಷಾ’ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲು ಶುರು ಮಾಡಿದ್ದು ಒಳ್ಳೆಯ ಕೆಲಸ. ಪುಟ ಪುಡಿಯಾಗುವ ಮೊದಲು ಅದು ಎಲ್ಲ ಕಡೆ ಮುಗಿಯಲಿ. ಆದರೆ ಯಾವ ಸ್ಕ್ಯಾನರೂ ಮಾಡಲಾಗದ ಕೆಲಸವೊಂದು ನಿಮ್ಮ ಮನೆಯಲ್ಲೇ ಇದೆ. ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಕುಳಿತು ಅವರ ತವರೂರು, ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು, ಅಕ್ಕತಂಗಿಯರನ್ನು ಯಾವ ಊರಿಗೆ ಕೊಟ್ಟಿತ್ತು ಎಂಬುದನ್ನು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ಉತಾರವನ್ನು ಬರುವ ವರ್ಷವೂ ತೆಗೆಸಬಹುದು, ಇದನ್ನು ಮಾತ್ರ ಮುಂದಕ್ಕೆ ಹಾಕಬೇಡಿ.